ಹದಿನಾಲ್ಕನೇ ಖೋಲಿಯ ಬಾಗಿಲು

ಮಲಾಡ್, ೨೦ ಅಕ್ಟೋಬರ್ ೧೯೫೩

ಚಾಳಿನ ಮಾಲೀಕರಾದ ಶಿವಪುತ್ರಪ್ಪ ಸಾಹುಕಾರರಿಗೆ ಹದಿನಾಲ್ಕನೇ ಖೋಲಿಯ ನೀಲಾವತಿ ಮಾಡುವ ನಮಸ್ಕಾರ.

ಖೋಲಿ ಬಿಡುತ್ತೇನೆಂದು ಹೇಳಿದವಳು ನಾನೇ, ಒಪ್ಪುತ್ತೇನೆ. ಹಡಗಿನ ಅಡುಗೆ ಕೆಲಸ ಬಿಟ್ಟು ಬ್ರಿಟಿಷ್ ಗಯಾನಾದಲ್ಲಿ ನಿಂತ ನನ್ನ ಯಜಮಾನರು, "ಇಲ್ಲಿಯ ಚುನಾವಣೆಯಲ್ಲಿ ಭಾರತ ಮೂಲದ ನಮ್ಮವರು ಗೆದ್ದರು, ಇನ್ನು ಹೆದರಿಕೆಯಿಲ್ಲ, ದೀಪಾವಳಿಯೊಳಗೆ ಟಿಕೆಟ್ ಕಳಿಸುತ್ತೇನೆ" ಎಂದು ಬರೆದಿದ್ದರು. ನಾನು ಇಡೀ ಚಾಳಿಗೆ ಪೇಡೆ ಹಂಚಿದೆ. ಹಡಗಿನಲ್ಲಿ ಒಯ್ಯಲಾಗದೆಂದು ರುಬ್ಬುವ ಕಲ್ಲನ್ನೂ ಪಕ್ಕದ ಚಂಪಾಳಿಗೆ ಕೊಟ್ಟುಬಿಟ್ಟೆ.

ಈಗ ಅಲ್ಲಿ ಗೆದ್ದವರನ್ನು ಬ್ರಿಟಿಷರು ಅಧಿಕಾರದಿಂದ ಇಳಿಸಿದ್ದಾರೆ, ಸೈನ್ಯ ಬಂದಿದೆ ಎಂದು ಪೇಪರಿನಲ್ಲಿ ಬಂತು. ಆಗಸ್ಟಿನಿಂದ ಅವರ ಕಾಗದವಿಲ್ಲ.

"ಅಲ್ಲಿ ಯಾರು ಗೆದ್ದರೇನು, ಯಾರು ಇಳದರೇನು ತಂಗಿ? ಒಂದನೇ ತಾರೀಖಿಗೆ ಹೊಸಬರು ಬರ್ತಾರ, ಖೋಲಿ ಖಾಲಿ ಮಾಡು" ಎಂದು ನಿನ್ನೆ ಅಂದಿರಿ. ನಿಮ್ಮ ಮಾತು ನ್ಯಾಯವೇ. ನಾನು ಜಿನೆಯ ಮೆಟ್ಟಿಲ ಕೆಳಗೆ ಮಲಗುತ್ತೇನೆ, ನಲ್ಲಿಯ ಜಾಗವನ್ನು ದಿನಾ ತೊಳೆಯುತ್ತೇನೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಅವರ ಹೆಸರನ್ನು ಮಾತ್ರ ಅಳಿಸಬೇಡಿ.

ಕಾಗದ ಬರುವುದು ಅವರದೇ ಹೆಸರಿನ ವಿಳಾಸಕ್ಕೆ; ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವಂತಿಲ್ಲ. ಟಪಾಲಿನವನಿಗೆ ಅದನ್ನು ಹೇಳುವುದು ಆ ಬಾಗಿಲೊಂದೇ.

ಒಂದನೇ ತಾರೀಖಿನವರೆಗೆ ನಿಮ್ಮ ಬಾಡಿಗೆದಾರಳು,
ನೀಲಾವತಿ