ನನ್ನ ಹೆಸರಿನ ಪತಂಗ

ಮನೆ, ಪೆಟ್ಟಿಗೆಗಳ ಕೋಣೆ
ಮಾರ್ಚ್ ೯, ಗುರುವಾರ

ಪ್ರೀತಿಯ ಮಗನೇ,

ಹೇಗಿದ್ದೀಯ? ಕಾಡಿನ ಜ್ವರ ಬಿಟ್ಟಿತೇ, ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನನ್ನ ಆರೋಗ್ಯ ನೀನು ಫೋನಿನಲ್ಲಿ ದಿನಾ ಹೇಳುವ ಹಾಗೆಯೇ ಇದೆ: "ಏನೂ ಇಲ್ಲಮ್ಮಾ, ಬರೀ ಸುಸ್ತು." ಸರಿ, ಕ್ಷೇಮ ಸಮಾಚಾರ ಮುಗಿಯಿತು. ಇನ್ನು ಬೈಗುಳ.

ನೀನು ಕಳಿಸಿದ ವಿಜ್ಞಾನ ಪತ್ರಿಕೆ ಬಂತು. ಹೊಸ ಪತಂಗ, ಹೊಸ ಪ್ರಭೇದ, ಅದಕ್ಕೆ ನನ್ನ ಹೆಸರು! ಏದುಸಿರು ಬಿಡುತ್ತಾ ಪಕ್ಕದ ಮನೆಯ ಟೀಚರಿಗೆ ತೋರಿಸಿ, ಹೊಗಳಿಸಿಕೊಂಡು ಬಂದೆ. ಆಮೇಲೆ ಕನ್ನಡಕ ಹಾಕಿಕೊಂಡು ಚಿತ್ರ ನೋಡಿದರೆ ಮೈಯೆಲ್ಲ ಉರಿದುಹೋಯಿತು ಕಣೋ. ಪತಂಗದ ಮೀಸೆ ನೋಡಿದೆಯಾ? ಗಂಡಿಗೆ ಗರಿಯಂಥ ಮೀಸೆ, ಹೆಣ್ಣಿಗೆ ನೂಲಿನಂಥದ್ದು. ನೀನು ಹಿಡಿದ ಎರಡೂ ಹೆಣ್ಣು! ಗಂಡು ಎಲ್ಲಿ ಹೋಯಿತು ಅಂತ ಒಂದು ಸಲವಾದರೂ ಯೋಚಿಸಿದೆಯಾ, ಮಹಾನುಭಾವ? ನೀನು ತೊಟ್ಟಿಲಲ್ಲಿದ್ದಾಗ ನಾನು ಹೊಸ ಪ್ರಭೇದವೆಂದು ಬರೆದು ನಿಮ್ಮಪ್ಪನ ಹೆಸರಿಟ್ಟೆನಲ್ಲ, ಆ ಕಂದು ಪತಂಗವೇ ಇದರ ಗಂಡು. ಹುಳ ಚುಚ್ಚಿಟ್ಟ ಹಳೆಯ ಪೆಟ್ಟಿಗೆ ಎಳೆದು ನೋಡಿದೆ. ಕೂಡಿದ್ದಾಗಲೇ ಸಿಕ್ಕ ಜೋಡಿ ಅಲ್ಲೇ ಇದೆ: ಕಂದು ಗಂಡು, ಹಸಿರು ಹೆಣ್ಣು. ಬಣ್ಣಕ್ಕೆ ಮರುಳಾಗಿ ಗಂಡ ಹೆಂಡಿರನ್ನು ಎರಡು ಕುಲ ಮಾಡಿಟ್ಟಿದ್ದೀಯಲ್ಲೋ! ಹೆಣ್ಣಿನ ಚಿತ್ರ ನಾನು ಅಚ್ಚು ಹಾಕಿಸಿರಲಿಲ್ಲ, ನಿಜ. ಆದರೆ ಅಮ್ಮ ಮನೆಯಲ್ಲೇ ಬಿದ್ದಿದ್ದಳಲ್ಲ, ಕೇಳುವುದಕ್ಕೇನು ರೋಗ? "ಅಮ್ಮಂಗೆ ಗೊತ್ತಾಗ್ಬಾರ್ದು, ಸರ್‌ಪ್ರೈಸು" ಅಂದೆಯಂತೆ ನಿನ್ನ ತಂಗಿಗೆ. ಸುಡು ನಿನ್ನ ಸರ್‌ಪ್ರೈಸು! ಗಂಡು ಹೆಣ್ಣು ಎರಡೂ ಸಿಗುವ ತನಕ ಹೆಸರಿಡಬೇಡ ಎಂದು ಹುಳಕ್ಕೆ ಪಿನ್ನು ಚುಚ್ಚಲು ಕಲಿಸಿದ ದಿನವೇ ಹೇಳಿರಲಿಲ್ಲವೇ? ಯಾವ ರೈಲು ತಪ್ಪಿಹೋಗುತ್ತಿತ್ತು ನಿನಗೆ?

ಬೇರೆಯವರು ಕಂಡುಹಿಡಿದು ಆಡಿಕೊಳ್ಳುವ ಮುಂಚೆ, ತಪ್ಪಾಯಿತು ಎಂದು ನೀನೇ ಬರೆದು ಅಚ್ಚು ಹಾಕಿಸು. ಮೊದಲಿಟ್ಟ ಹೆಸರೇ ನಿಲ್ಲುವುದು, ನನ್ನದು ಹೋಗುತ್ತದೆ. ಹೋಗಲಿ. ಕೊನೆಗೂ ನಿಮ್ಮಪ್ಪನ ಹೆಸರೇ ಗೆದ್ದಿತಲ್ಲ ಅಂತ ಅದೊಂದು ಬೇರೆ ಹೊಟ್ಟೆಯುರಿ.

ಇಷ್ಟು ಬೈದರೂ ಸಮಾಧಾನವಾಗಿಲ್ಲ. ಆದರೂ ನೂರು ಕಾಲ ಬಾಳು, ಕತ್ತಲಲ್ಲಿ ಹಾವು ನೋಡಿಕೊಂಡು ಕಾಲಿಡು.

ಸಿಟ್ಟು ಇಳಿಯದ,
ನಿನ್ನ ಅಮ್ಮ

ಮತ್ತೆ: ಡಾಕ್ಟರು ನಿನಗೆ ಹೇಳಿದ್ದನ್ನು ಇವತ್ತು ಅವರ ಬಾಯಿ ಬಿಡಿಸಿ ಕೇಳಿಕೊಂಡು ಬಂದೆ. ನನಗೆ ಉಳಿದಿರುವ ದಿನ ಎಷ್ಟು ಅಂತ ನಿನಗೆ ಗೊತ್ತು, ತಂಗಿಗೆ ಗೊತ್ತು, ನನ್ನೊಬ್ಬಳಿಗೆ ಗೊತ್ತಿರಲಿಲ್ಲ! ನಿನ್ನ ಅವಸರ ಈಗ ಅರ್ಥವಾಯಿತು, ಸಿಟ್ಟು ಇನ್ನೂ ಜಾಸ್ತಿಯಾಯಿತು. ಕಾಡಿನಲ್ಲಿ ಕೂತು ನನ್ನ ಹೆಸರಿಡಲು ಇನ್ನೊಂದು ಹುಳ ಹುಡುಕಬೇಡ. ನಾನಿನ್ನೂ ಇದ್ದೇನೆ. ಎದ್ದು ಬಾ.