ಯಾರೂ ಗೊಣಗದ ಜಾಗ

೨೧೮೯ನೇ ಇಸವಿ, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ, ಮಧ್ಯಾಹ್ನ. ಕೃಷ್ಣೆಯ ಹಿನ್ನೀರಿನ ದಂಡೆ, ಮರಳಿದವರ ಮನೆಯ ಅಡಿಗೆಕೋಣೆ. ನಾಳೆ ಬೆಳಗಿನ ದೋಣಿಯಲ್ಲಿ ಪಕ್ಕದ ಮನೆಯ ಸುಗಲಾ ಕೆಲಸಕ್ಕೆ ಹೊರಡುತ್ತಾಳೆ.

ದಿನಾಂಕ ನೋಡಿ ಪತ್ರವನ್ನು ಬದಿಗಿಡಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಮಾರಾಟವಾಗಿ ಹೋದವರನ್ನು ಕರೆತಂದು ಇರಿಸಿಕೊಳ್ಳಲು ಈಗಷ್ಟೇ ಒಂದು ಮನೆ ತೆರೆದಿರುವ, ಬಸ್ ನಿಲ್ದಾಣಗಳಲ್ಲಿ ನಿಂತು ಎಚ್ಚರಿಕೆಯ ಚೀಟಿ ಹಂಚುತ್ತಿರುವ, ನಮಗಿಂತ ಬಹಳ ಹಿಂದಿನ ಕಾಲದ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಮನುಷ್ಯರನ್ನು ಮಾರುವ ಆ ವ್ಯವಹಾರ ನಿಮ್ಮ ಕಾಲಕ್ಕೇ ಮುಗಿಯಬೇಕಿತ್ತು. ಮುಗಿದಿಲ್ಲ.

ನಾನೂ ಹಾಗೆ ಹೋಗಿ ಮರಳಿದವಳು. ಈಗ ಇಲ್ಲಿ ಅಡಿಗೆ ನನ್ನದು. ಹೊಸದಾಗಿ ಬಂದವರು ಏನು ಬಡಿಸಿದರೂ ಮೆಚ್ಚುತ್ತಾರೆ. ಹೋದ ಬೇಸಿಗೆಯಲ್ಲಿ ಬಂದ ಕಸ್ತೂರಿ, ಸೀದ ಅನ್ನವನ್ನೂ "ಚೊಲೋ ಐತ್ರಿ" ಎನ್ನುತ್ತಾ ತಿಂದಳು. ಹಾಸಿಗೆ ಚೊಲೋ, ತಣ್ಣೀರು ಚೊಲೋ, ಸೊಳ್ಳೆಯೂ ಚೊಲೋ. ತಿಂಗಳುಗಳು ಕಳೆದವು. ಒಂದು ದಿನ ತಟ್ಟೆಯನ್ನು ಸರಿಸಿ, "ಇದೇನ್ ಸಾರೋ, ಕೈ ತೊಳದ ನೀರೋ?" ಎಂದಳು. ಎಲ್ಲರೂ ಊಟ ನಿಲ್ಲಿಸಿದರು. ನಾನು ಎದ್ದು ಗೋಧಿ ನೆನೆಹಾಕಿದೆ. ಮರಳಿದವಳು ಮೊದಲ ಸಲ ಗೊಣಗಿದ ದಿನ ಈ ಮನೆಯಲ್ಲಿ ಹುಗ್ಗಿ ಮಾಡುತ್ತೇವೆ. ಅದಕ್ಕೆ ಗೊಣಗುಹುಗ್ಗಿ ಎಂದೇ ಹೆಸರು. ಏಕೆಂದರೆ ಏಟು ಬೀಳುವುದಿಲ್ಲ ಎಂಬ ನಂಬಿಕೆ ಬಂದ ಮೇಲೆಯೇ ಮನುಷ್ಯರು ಸಾರಿನ ತಪ್ಪು ಹೇಳುತ್ತಾರೆ. ಕಸ್ತೂರಿ ಹುಗ್ಗಿ ತಿಂದು, ಬೆಲ್ಲ ಜಾಸ್ತಿಯಾಯಿತು ಎಂದಳು.

ಈಗ ಸುಗಲಾಳ ವಿಷಯ. ಹಿನ್ನೀರಿನ ಆಚೆ ಪಾಚಿಹೊಲಗಳಿವೆ. ಅವು ಹೊಲಗಳಲ್ಲ, ಮೊಣಕಾಲುದ್ದದ ಕೊಳಗಳು. ಅಲ್ಲಿ ಬೆಳೆದ ಪಾಚಿಯನ್ನು ಒಣಗಿಸಿ ಬೀಸಿದ ಹಸಿರು ಹಿಟ್ಟಿನಿಂದಲೇ ನಮ್ಮ ರೊಟ್ಟಿ. ಕೊಳಗಳ ಹೊಸ ಯಜಮಾನರು ಹುಡುಗಿಯರನ್ನು ಕರೆಯುತ್ತಿದ್ದಾರೆ. ಕಣ್ಣು ಮುಚ್ಚಿ ಕಳಿಸುವ ಊರು ನಮ್ಮದಲ್ಲ. ನಿಮ್ಮ ಚೀಟಿಗಳಿಂದಲೇ ಹುಟ್ಟಿರಬಹುದಾದ ಪದ್ಧತಿಯೊಂದು ಇಲ್ಲಿದೆ, ಮುಂತಂಗು ಎಂದು. ಕೆಲಸಕ್ಕೆ ಹೊರಡುವವರಿಗಿಂತ ಮೊದಲು ಮನೆಯವರೊಬ್ಬರು ಅಲ್ಲಿಗೆ ಹೋಗಿ, ಒಂದು ರಾತ್ರಿ ತಂಗಿ, ಕಂಡದ್ದನ್ನು ಊರಿನ ಮುಂದೆ ಹೇಳಬೇಕು. ಸುಗಲಾಳ ಸೋದರಮಾವ ವೀರಭದ್ರಪ್ಪ ಹೋಗಿಬಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ಯಜಮಾನರಿಗೂ ಈ ಪದ್ಧತಿ ಗೊತ್ತಿದೆ. ವೀರಭದ್ರಪ್ಪನವರನ್ನು ಕರೆದೊಯ್ಯಲು ದೋಣಿಯನ್ನೇ ಕಳಿಸಿದ್ದರು.

ನಿನ್ನೆ ಊರು ನೆರೆದಾಗ, ಊಟ ಹೇಗಿತ್ತೆಂದು ಅವರನ್ನು ಕೇಳಿದೆ.

"ಬೀಗರ ಊಟಾರೀ ಅಕ್ಕಾರ! ಹೋಳಿಗಿ, ಮ್ಯಾಲ ತುಪ್ಪ."

"ಕೆಲಸದ ಹುಡುಗ್ಯಾರು ಏನಂದ್ರು?"

"ಎಲ್ಲಾ ಚೊಲೋ ಐತಿ ಅಂದ್ರು."

"ಯಾರೂ ಗೊಣಗಲಿಲ್ಲೇನು? ಬಿಸಲು, ಸೊಳ್ಳಿ, ಮೇಸ್ತ್ರಿ ಬಾಯಿ ಜೋರು... ಏನೂ ಇಲ್ಲ?"

"ಒಬ್ಬಾಕಿನೂ ಇಲ್ರಿ. ನಮ್ಮ ಮನ್ಯಾಗ ಅಂಥಾಕಿ ಒಬ್ಬಾಕಿ ಇದ್ದಿದ್ರ ನಾ ಇನ್ನೂ ಹತ್ತು ವರ್ಷ ಹೆಚ್ಚಿಗಿ ಬಾಳ್ತಿದ್ದೆ!"

ನೆರೆದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ದಿನವಿಡೀ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವ ಅಷ್ಟು ಹುಡುಗಿಯರಲ್ಲಿ ಒಬ್ಬಳಿಗೂ ಕಾಲು ನೋಯಲಿಲ್ಲವೇ? ನನ್ನನ್ನು ಇಟ್ಟಿದ್ದ ಕಡೆಗೂ ನೋಡಲು ಜನ ಬರುತ್ತಿದ್ದರು. ನಾವೂ ಚೆನ್ನಾಗಿದೆ ಎನ್ನುತ್ತಿದ್ದೆವು.

ಸುಗಲಾ ನಿನ್ನೆ ಸಂಜೆಯೇ ಬಂದು ಜಗಳವಾಡಿದಳು. "ಚೊಲೋ ಐತಿ ಅಂದ್ರೂ ನಿನಗ ಸಂಶೆ, ಕೆಟ್ಟೈತಿ ಅಂದ್ರೂ ಸಂಶೆ. ಹಂಗಾರ ನಾ ಎಲ್ಲಿಗಿ ಹೋಗ್ಲಿ, ಅತ್ತಿ? ನಿನ್ನ ಒಲಿ ಮುಂದ ಕುಂತಿರ್ಲೇನು?"

ಅವಳ ಮಾತಿನಲ್ಲಿ ತಪ್ಪಿಲ್ಲ. ಮರಳಿದವರಿಗೆ ಹೋಳಿಗೆಯಲ್ಲೂ ಬಲೆ ಕಾಣುತ್ತದೆ. ನನ್ನ ಸಂಶಯವನ್ನೂ ನಾನು ಪೂರ್ತಿ ನಂಬುವುದಿಲ್ಲ. ಊರು ಒಪ್ಪಿಗೆ ಕೊಟ್ಟಾಗಿದೆ. ಅವಳ ಬಾಗಿಲಿಗೆ ಅಡ್ಡ ನಿಲ್ಲಲು ನನಗೆ ಮನಸ್ಸಿಲ್ಲ. ನನ್ನನ್ನು ಕೂಡಿಹಾಕಿದವರೂ ಅದು ನನ್ನ ಒಳ್ಳೆಯದಕ್ಕೇ ಎಂದಿದ್ದರು.

ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಕೂಲಿ ಎಷ್ಟು, ವಿಳಾಸ ಯಾವುದು ಎಂದು ಕೇಳಿ ಎಂಬುದಾಗಿ ನಿಮ್ಮ ಚೀಟಿ ಹೇಳುತ್ತದೆ. ಅವಕ್ಕೆಲ್ಲ ಉತ್ತರ ತಯಾರಿರುತ್ತದೆ. ಅಲ್ಲಿ ಯಾರು, ಯಾವುದಕ್ಕೆ ಗೊಣಗಿದರು ಎಂದು ಕೇಳಲು ಜನರಿಗೆ ಕಲಿಸಿ. ಮರಳಿ ಬಂದವಳು ನಿಮ್ಮ ಮನೆಯ ಅನ್ನವನ್ನು ಹಳಿದರೆ ನೊಂದುಕೊಳ್ಳಬೇಡಿ.

ನಾನು ತೀರ್ಮಾನ ಮಾಡಿದ್ದೇನೆ. ನಾಳೆ ಅದೇ ದೋಣಿಯಲ್ಲಿ ನಾನೂ ಕೂರುತ್ತೇನೆ. ಹೇಳಿಕಳಿಸದೆ ಹೋಗಿ, ಕೆಲಸದವರ ಸಾಲಿನಲ್ಲಿ ಊಟಕ್ಕೆ ಕುಳಿತು, ಮೊದಲ ತುತ್ತಿಗೇ ಉಪ್ಪಿಲ್ಲ ಎಂದು ಜೋರಾಗಿ ಹೇಳುತ್ತೇನೆ. ಹುಡುಗಿಯರು ದನಿಗೂಡಿಸಿದರೆ ನಾನೊಬ್ಬಳೇ ಹಿಂತಿರುಗುತ್ತೇನೆ. ಅವರು ತಟ್ಟೆ ಬಿಟ್ಟು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ನೋಡಿದರೆ, ಸುಗಲಾ ಅದನ್ನು ತನ್ನ ಕಣ್ಣಿನಿಂದಲೇ ನೋಡಲಿ. ನಾಡಿದ್ದು ಸಂಜೆಯ ದೋಣಿಯಲ್ಲಿ ನಾನು ಬರದಿದ್ದರೆ ಊರನ್ನು ಎಬ್ಬಿಸಲು ಕಸ್ತೂರಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಅಡಿಗೆ ಯಾರು ಮಾಡಬೇಕೆಂದು ಅವಳು ಗೊಣಗಿದಳು.

ಮರಳಿದ ಮೇಲೆ ನಾನು ನೀರು ದಾಟಿಲ್ಲ. ಸುಗಲಾಗೆ ಇನ್ನೂ ತಿಳಿಸಿಲ್ಲ. ಒಂದು ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿ, ಬಾಗಿಲ ಹಿಂದೆ ಇಟ್ಟಿದ್ದೇನೆ.