ಎರಡನೇ ಕಾಲಿನ ತುದಿ

ಮೇ 19, 2024, ಭಾನುವಾರ

ಇದನ್ನು ಬರೆಯದೇ ಬಿಡುವುದರಲ್ಲಿದ್ದೆ. ನಾಲ್ಕು ದಿನ ಬಿಟ್ಟೂ ಇದ್ದೆ. ನನಗೆ ಹೆಮ್ಮೆಯಾಗಿದೆ. ಬರೀ ಖುಷಿಯಲ್ಲ, ಹೆಮ್ಮೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿಬಿಡೋಣ ಅನಿಸುವಂಥದ್ದು. ಹೇಳಲಿಲ್ಲ. ಕಾನ್ವೆಂಟ್ ಕಲಿಸಿದ ಅಭ್ಯಾಸ.

ಬೆಳಿಗ್ಗೆ ಕಾಲೇಜಿನವರ ಗ್ರಾನೈಟ್ ಸ್ಲೈಡ್ ಆರು ಮುಗಿಯಿತು. ಇನ್ನೂ ನಾಲ್ಕಿವೆ. ಗಾಜಿನ ಹಲಗೆ, ಕಾರ್ಬೊರಂಡಮ್ ಪುಡಿ, ನೀರು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ — ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜುವುದು. ಕೆಜಿಎಫ್ ಚಿನ್ನದ ಗಣಿಯ ಲ್ಯಾಬಿನಲ್ಲಿ ಕಲಿತದ್ದು. ಗಣಿ ಮುಚ್ಚಿತು. ಕೈ ಮುಚ್ಚಲಿಲ್ಲ.

ವಿಷಯಕ್ಕೆ ಬರುತ್ತೇನೆ. ಬುಧವಾರ ಶ್ಯಾಮಲ ಅವರ ಮೇಲ್ ಬಂತು. ಬೆಂಗಳೂರಿನಲ್ಲಿ ಸಂಶೋಧಕಿ, ಲಕ್ಷ–ಕೋಟಿ ವರ್ಷ ಹಳೆಯ ಹುಳುಗಳನ್ನು ನೋಡುವವರು. ಕಳೆದ ಡಿಸೆಂಬರಿನಲ್ಲಿ ಒಂದು ಆ್ಯಂಬರ್ ತುಂಡು ಕೊಟ್ಟಿದ್ದರು. ಹುಣಿಸೆ ಬೀಜದಷ್ಟು. ಗುಜರಾತಿನ ಲಿಗ್ನೈಟ್ ಗಣಿಯದು. ಐದು ಕೋಟಿ ವರ್ಷದ ಹಿಂದೆ ಯಾವುದೋ ಮರದಿಂದ ಸುರಿದ ಅಂಟು, ಗಟ್ಟಿಯಾಗಿ ಕಲ್ಲಿನಂತಾದದ್ದು. ಒಳಗೊಂದು ಹಾರ್ವೆಸ್ಟ್‌ಮನ್. ಜೇಡದ ಹಾಗೆ ಕಾಣುತ್ತದೆ, ಜೇಡವಲ್ಲ. ಸೊಂಟವಿಲ್ಲ, ಮೈಯೆಲ್ಲ ಸೇರಿ ಒಂದೇ ಸಾಸಿವೆ ಕಾಳು. ಬಲೆಯಿಲ್ಲ, ವಿಷವಿಲ್ಲ. ಕೂದಲಿನಂಥ ಎಂಟು ಕಾಲು. ಎರಡನೇ ಜೊತೆ ಎಲ್ಲಕ್ಕಿಂತ ಉದ್ದ. ಅದರಿಂದ ನಡೆಯುವುದು ಕಡಿಮೆ, ತಡವಿ ನೋಡುವುದು ಹೆಚ್ಚು.

ತುಂಡು ಮಬ್ಬಾಗಿತ್ತು. ಅಲ್ಲಿಯ ಮೆಷಿನ್ನಿಗೆ ಹಾಕಿದರೆ ಬಿರುಕು ಬಿಡುತ್ತದೆ ಎಂದು ಯಾರೂ ಮುಟ್ಟಿರಲಿಲ್ಲ. ನಾನು ಮುಟ್ಟಿದೆ. ಹತ್ತೊಂಬತ್ತು ದಿನ. ಕಡೆಗೆ ಕಿಟಕಿ ತೆರೆದ ಹಾಗೆ ತೆರೆದುಕೊಂಡಿತು. ಬೆನ್ನಿನ ಮೇಲೊಂದು ಪುಟ್ಟ ಉಬ್ಬು, ಅದರ ಎರಡು ಬದಿಗೆ ಎರಡು ಕಣ್ಣು. ಆ ಕಣ್ಣನ್ನು ಮೊದಲು ಕಂಡವಳು ನಾನು. ಅಡುಗೆಮನೆ ಪಕ್ಕದ ಸ್ಟೋರ್‌ರೂಮಿನಲ್ಲಿ, ಅಕ್ಕಿ ಡ್ರಮ್ಮಿನ ಎದುರು.

ಮೇಲ್‌ನಲ್ಲಿ ಇದ್ದದ್ದು: ಜ್ಯೋತ್ಸ್ನಾ, ಇದು ಹೊಸ ಪ್ರಭೇದ. ನಿಮ್ಮ ಹೆಸರಿಡುತ್ತೇನೆ, ಒಪ್ಪಿಗೆಯೇ?

ನಲವತ್ತಾರು ವರ್ಷದಲ್ಲಿ ನನ್ನ ಹೆಸರನ್ನು ಯಾರೂ ಏನಕ್ಕೂ ಕೇಳಿರಲಿಲ್ಲ. ಐದು ನಿಮಿಷದಲ್ಲಿ 'ಯೆಸ್' ಕಳಿಸಿದೆ. ಅರ್ಧ ದಿನವಾದರೂ ಕಾಯಬಹುದಿತ್ತು.

ಮೇ 23, ಗುರುವಾರ

ಶ್ರೀಧರ್ ಫ್ಯಾಕ್ಟರಿಯಲ್ಲಿ ಮೈಸೂರ್ ಪಾಕ್ ಹಂಚಿದ್ದಾರೆ. ಇನ್‌ಸ್ಪೆಕ್ಷನ್ ಸೆಕ್ಷನ್ನಿನವರಿಗೆಲ್ಲ. ನನ್ನನ್ನು ಕೇಳದೆ.

"ಏನಂತ ಹೇಳಿದ್ರಿ?"

"ನನ್ನ ಹೆಂಡ್ತಿ ಹೆಸರಲ್ಲಿ ಒಂದು ಪ್ರಾಣಿ ಇದೆ ಅಂದೆ. ಅನಿಲ್ ಕೇಳ್ದ — ಎಷ್ಟು ಕಾಲು ಸಾರ್, ಎಂಟಾ? ಹಾಗಾದ್ರೆ ಮನೇಲಿ ನಿಮ್ಗೆ ಓಡೋಕೆ ಜಾಗ ಇಲ್ಲ ಬಿಡಿ ಅಂದ."

ನಕ್ಕೆ. ಆಮೇಲೆ ಒಳಗೆ ಹೋಗಿ ಮತ್ತೊಮ್ಮೆ ಮೇಲ್ ಓದಿದೆ.

ಕೆಲಸಕ್ಕೆ ಬರುವ ಅಶ್ವತ್ಥಮ್ಮನಿಗೆ ಕಂಪ್ಯೂಟರಿನಲ್ಲಿ ಫೋಟೊ ತೋರಿಸಿದೆ. ಕಾಮಸಮುದ್ರದ ಕಡೆಯವಳು. ಮೂಗಿನ ತುದಿ ಸ್ಕ್ರೀನಿಗೆ ತಾಗುವಷ್ಟು ಬಗ್ಗಿ ನೋಡಿದಳು. "ಇದಾ? ನಮ್ಮ ಬಾವಿ ಗ್ವಾಡೆ ಮ್ಯಾಗೆ ಗುಂಪು ಗುಂಪಾಗಿ ಇರ್ತಾವಲ್ಲಕ್ಕಾ. ಊದಿದ್ರೆ ಎಲ್ಲಾ ಒಟ್ಗೇ ತೂಗಾಡ್ತಾವೆ. ಇದ್ಕೆ ಇಷ್ಟು ಜೋಪಾನನಾ? ನಾವು ಪೊರಕೆ ತಗಂಡು ಓಡುಸ್ತೀವಿ."

"ಇದು ಐದು ಕೋಟಿ ವರ್ಷದ್ದು ಅಶ್ವತ್ಥಮ್ಮ."

"ಓಗ್ಲಿ ಬಿಡಕ್ಕಾ. ಇನ್ನೇನು ಕಚ್ತದಾ."

ಮೇ 31, ಶುಕ್ರವಾರ, ಬೆಳಿಗ್ಗೆ 11

ಲೇಖನದ ಡ್ರಾಫ್ಟ್ ಬಂದಿದೆ. ಹದಿನಾಲ್ಕು ಪುಟ. ಚಿತ್ರಗಳು ಎಷ್ಟು ಸ್ಪಷ್ಟ… ನನ್ನ ಪಾಲಿಶ್. 'ಅಸಾಧಾರಣ ಕೈಚಳಕ' ಎಂದು ಬರೆದಿದ್ದಾರೆ. ಎರಡು ಸಲ ಓದಿದೆ. ನಿಜ ಹೇಳಬೇಕೆಂದರೆ ಮೂರು.

ಅದೇ ದಿನ, ಮಧ್ಯಾಹ್ನ

ಆರನೇ ಚಿತ್ರ. ಎರಡನೇ ಜೊತೆಯ ಎಡಗಾಲಿನ ತುದಿ. ಮೊಂಡು. ಉಗುರಿಲ್ಲ. ಆ ಜೊತೆಯ ಬಲಗಾಲು ಮರದ ಅಂಟಿನಲ್ಲೇ ಮುರಿದು ಹೋಗಿದೆ, ಹಾಗಾಗಿ ಇರುವುದು ಇದೊಂದೇ. ಶ್ಯಾಮಲ ಬರೆಯುತ್ತಾರೆ — ಉಳಿದ ಲಕ್ಷಣಗಳೆಲ್ಲ ಈಗಾಗಲೇ ತಿಳಿದಿರುವ ಪ್ರಭೇದದವೇ. ಈ ಕಾಲಿಗೆ ಉಗುರಿಲ್ಲದಿರುವುದೇ ಹೊಸತು.

ಮೊಂಡು ತುದಿಯನ್ನು ನೋಡುತ್ತಾ ಕೂತೆ. ಅಷ್ಟು ನೇರವಾಗಿ ಯಾವ ಕಾಲೂ ಮುಗಿಯುವುದಿಲ್ಲ. ಅದು ಉಜ್ಜಿದ ಅಂಚು. ನನಗೆ ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗಬೇಕು?

ಹಳೆಯ ಫೋನ್ ತೆಗೆದೆ. ಜನವರಿ 11ರ ಫೋಟೊ, ಮೈಕ್ರೊಸ್ಕೋಪಿನ ಕಣ್ಣಿಗೆ ಫೋನ್ ಹಿಡಿದು ತೆಗೆದದ್ದು. ಮಸುಕು. ಆದರೆ ಇದೆ. ಕಾಲು ಇನ್ನೊಂಚೂರು ಮುಂದೆ ಹೋಗಿದೆ. ಕೊನೆಯಲ್ಲಿ ಒಂದು ಕೊಕ್ಕೆಯಂಥ ಗೆರೆ.

ಉಗುರು ಇತ್ತು. ನಾನು ಉಜ್ಜಿಬಿಟ್ಟೆ.

ಹೇಗೆ ಎಂಬುದೂ ಗೊತ್ತು. ಗಣಿಗೆ ಹತ್ತು.

ಲ್ಯಾಬಿನಲ್ಲಿ ನಮಗೆ ಕಲಿಸಿದವರು ಕುಪ್ಪುಸ್ವಾಮಿ ಸರ್. ಸ್ಲೈಡ್ ಸರಿಯಾಯಿತೆಂದು ಮೈಕ್ರೊಸ್ಕೋಪಿನಲ್ಲಿ ನೋಡಿದ ಮೇಲೂ ನಯವಾದ ಪುಡಿಯ ಮೇಲೆ ಎಂಟರ ಆಕಾರದಲ್ಲಿ ಇನ್ನೂ ಹತ್ತು ಸುತ್ತು. ಗೀರು ಉಳಿದಿದ್ದರೆ ದೊಡ್ಡ ಸಾಹೇಬರು ವಾಪಸ್ ಕಳಿಸುತ್ತಿದ್ದರು, ಅದಕ್ಕೆ. "ನಿನ್ನ ಕಣ್ಣಿಗೆ ಮುಗೀತು, ಈಗ ಗಣಿಗೆ ಹತ್ತು" ಎನ್ನುತ್ತಿದ್ದರು. ಹತ್ತಾದ ಮೇಲೆ ಮತ್ತೆ ನೋಡುವ ಪದ್ಧತಿಯಿಲ್ಲ. ನೇರ ಗಾಜಿನ ಮುಚ್ಚಳ ಹಾಕುವುದು. ಕಲ್ಲಿಗೆ ಹತ್ತು ಸುತ್ತು ಲೆಕ್ಕಕ್ಕಿಲ್ಲ. ಆ್ಯಂಬರ್ ಕಲ್ಲಲ್ಲ, ನಮ್ಮ ಕೈಬೆರಳ ಉಗುರಿನಷ್ಟು ಗಟ್ಟಿ, ಅಷ್ಟೇ. ಕೈ ತನ್ನಷ್ಟಕ್ಕೆ ಹತ್ತು ಸುತ್ತಿತು. ನೋಡದೆ, ಪುಡಿಯಾಗಬಾರದೆಂದು ಪಾರದರ್ಶಕ ರೆಸಿನ್ನಿನಲ್ಲಿ ಅದ್ದಿಟ್ಟೆ. ಈಗ ಆ್ಯಂಬರ್ ಎಲ್ಲಿ ಮುಗಿಯುತ್ತದೆ, ರೆಸಿನ್ ಎಲ್ಲಿ ಶುರುವಾಗುತ್ತದೆ ಎಂದು ಯಾರಿಗೂ ಕಾಣದು. ಅಷ್ಟು ಚೆನ್ನಾಗಿ ಮಾಡಿದ್ದೇನೆ.

ಜೂನ್ 9, ಭಾನುವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಗ್ರಾನೈಟ್ ಸ್ಲೈಡ್ ಮುಗಿಸಿದೆ. ಕಿಟಕಿ ಪರದೆಗಳನ್ನೆಲ್ಲ ಒಗೆದೆ.

ಪ್ರಿಪರೇಷನ್ ಶೀಟ್ ಮೇಜಿನ ಮೇಲಿದೆ. ತುಂಡನ್ನು ಫೆಬ್ರವರಿಯಲ್ಲೇ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಶ್ಯಾಮಲ ಅವರ ಕೈಗೆ ಕೊಟ್ಟಿದ್ದೆ, ಶೀಟ್ ಆಮೇಲೆ ಸಹಿ ಮಾಡಿ ಕಳಿಸಿ ಎಂದಿದ್ದರು. ಏನೇನು ಮಾಡಿದೆ, ಯಾವ ಉಜ್ಜುವ ಪೇಪರ್, ಯಾವ ರೆಸಿನ್ — ಎಲ್ಲ ತುಂಬಿದ್ದೇನೆ. ಈ ಕಾಗದ ತುಂಡಿನ ಜೊತೆ ಅದೇ ಡಬ್ಬಿಯಲ್ಲಿ ಇರುತ್ತದೆ. ನಾವೆಲ್ಲ ಹೋದ ಮೇಲೂ.

ಕೊನೆಯ ಕಾಲಮ್: ಹಾನಿ. ಅದರ ಮುಂದೆ 'ಇಲ್ಲ' ಎಂದು ಬರೆಯಲು ಎರಡು ಸಲ ಪೆನ್ನು ತೆರೆದೆ.

ಊಟದ ಹೊತ್ತಿಗೆ ಶ್ರೀಧರ್‌ಗೆ ಹೇಳಿದೆ. ಅನ್ನ ಕಲಸುವುದು ನಿಲ್ಲಿಸಿದರು.

"ಮೈಸೂರ್ ಪಾಕ್ ಹಂಚಿ ಆಯ್ತಲ್ಲೇ ಜ್ಯೋತಿ."

"ನಾನು ಹಂಚಿ ಅಂದಿದ್ನಾ?"

"ಅಲ್ಲ… ಹೇಳಿದ್ರೆ ಹೆಸರು ಹೋಗುತ್ತಾ?"

"ಹೊಸ ಪ್ರಭೇದವೇ ಹೋಗುತ್ತೆ."

"ಹೇಳದೇ ಇದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?"

"ಇಲ್ಲ."

ಸಾರು ಹಾಕಿಕೊಂಡರು. ಹೇಳಿದರು: "ನಮ್ಮಲ್ಲಿ ಗೇರ್ ಸೈಜ್ ತಪ್ಪಿದ್ರೆ ಡೀವಿಯೇಷನ್ ನೋಟ್ ಹಾಕ್ತೀವಿ. ಎಷ್ಟು ತಪ್ಪಿದೆ ಅಂತ ಬರೆದ್ರೆ ಎಷ್ಟೋ ಸಲ ಪಾರ್ಟ್ ಪಾಸಾಗುತ್ತೆ. ಬರೀದೇ ಇದ್ರೆ ಸರಿ ಇರೋದನ್ನೂ ಯಾರೂ ನಂಬಲ್ಲ."

ಆಮೇಲೆ, "ಅನಿಲ್ ಬಾಯಿಗೆ ಸಿಕ್ಕೋದು ನಾನು, ಇರ್ಲಿ" ಎಂದರು.

ನಾನು ಯೋಚಿಸುತ್ತಿರುವುದು ಬೇರೆ. ಒಪ್ಪಿಕೊಳ್ಳುವುದರಲ್ಲೂ ಒಂದು ಹೆಮ್ಮೆ ಇದೆಯಲ್ಲ, ನೋಡಿ ನಾನೆಷ್ಟು ಪ್ರಾಮಾಣಿಕಳು ಎಂಬುದು. ಅದಕ್ಕಾಗಿ ಬರೆಯುವುದಾದರೆ ಬೇಡ.

ಜೂನ್ 15, ಶನಿವಾರ

ಆಂಡರ್ಸನ್‌ಪೇಟೆಗೆ ಹೋಗಿದ್ದೆ. ಕುಪ್ಪುಸ್ವಾಮಿ ಸರ್ ಮನೆಗೆ. ಎಂಬತ್ತೊಂದು ವರ್ಷ. ಬಾಗಿಲಲ್ಲೇ ಕೂತು ಪೇಪರ್ ಓದುತ್ತಿದ್ದರು, ಕನ್ನಡಕ ಇಲ್ಲದೆ.

"ವಾಮ್ಮಾ, ವಾ. ಎಷ್ಟು ದಿನ ಆಯ್ತು! ಕನಕಾ, ಟೀ ಹಾಕು, ನಮ್ಮ ಲಾಸ್ಟ್ ಟ್ರೈನಿ ಬಂದಿದಾಳೆ."

ಎಲ್ಲ ಹೇಳಿದೆ. ಎರಡೂ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಕಟಿಂಗ್ ಚೆನ್ನಾಗಿದೆ," ಎಂದರು.

"ಸರ್, ಅದೇ ತಪ್ಪು."

"ತಪ್ಪೂ ಹೌದು, ಚೆನ್ನಾಗಿರೋದೂ ಹೌದು. ಹತ್ತು ಹಾಕ್ದೆ ಅಲ್ವಾ? ಕರೆಕ್ಟಾಗಿ ಹತ್ತೇನಾ?"

"ಹತ್ತೇ. ಕೈಗೆ ಬೇರೆ ಬರಲ್ಲ."

"ಹತ್ತು ಹಾಕು ಅಂದೋನು ಯಾರು? ನಾನು. ಹಾಕಿದ್ಮೇಲೆ ನೋಡ್ಬೇಡ ಅಂದೋನೂ ನಾನೇ. ಹಾಗಾದ್ರೆ ಆ ಕಾಲಮ್‌ನಲ್ಲಿ ನನ್ನ ಹೆಸರೂ ಬರಿ."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ಮೂವತ್ತನಾಲ್ಕು ವರ್ಷ ಸ್ಲೈಡ್ ಮಾಡಿದೀನಮ್ಮಾ. ಫೋಟೊ ಎಲ್ಲಾ ಬುಕ್ಕಲ್ಲೂ ಬಂತು. ನನ್ನ ಹೆಸರು ಎಲ್ಲಿ ಬಂದಿದೆ, ಹೇಳು ನೋಡೋಣ?"

ಒಳಗಿಂದ ಕನಕಮ್ಮ ಆಂಟಿ: "ರೇಷನ್ ಕಾರ್ಡ್‌ನಲ್ಲಿ ಬಂದಿದೆಯಲ್ಲ, ಪೋದಾದಾ, ಸಾಲ್ದಾ?"

"ನೀ ಸುಮ್ನಿರು. ಹಾನಿ ಕಾಲಮ್ಮಾದ್ರೆ ಆಗ್ಲಿ. ಲ್ಯಾಬ್ ಇತ್ತು, ಅಲ್ಲಿ ಒಂದು ಪದ್ಧತಿ ಇತ್ತು, ಅದನ್ನ ಹೇಳ್ಕೊಟ್ಟೋನು ಒಬ್ಬ ಇದ್ದ — ಯಾರಾದ್ರೂ ಓದ್ತಾರಲ್ಲ. ಆದ್ರೆ ಸುಮ್ನೆ 'ತಪ್ಪಾಯ್ತು' ಅಂತ ಬರೀಬೇಡ. ಅದು ಅಳೋದು. ಎಷ್ಟು ಹೋಯ್ತು ಅಂತ ಬರಿ. ಅಳತೆ ಕೊಡು."

"ಹೋದದ್ದನ್ನು ಹೇಗೆ ಅಳೆಯೋದು ಸರ್?"

"ಅದೇ ಕಲ್ಲು ಚೂರು ಇಟ್ಟಿದೀಯಾ?"

ಇಟ್ಟಿದ್ದೇನೆ. ಚೂರನ್ನು ಯಾವತ್ತೂ ಬಿಸಾಡಬೇಡ ಎಂದದ್ದೂ ಇವರೇ.

"ಮತ್ತೆ ಹತ್ತು ಹಾಕು."

ಜೂನ್ 16, ಭಾನುವಾರ

ಆ ತುಂಡಿನಿಂದಲೇ ಉದುರಿದ ಐದು ಚೂರು. ಅದೇ ಪೇಪರ್, ಅದೇ ನೀರು, ಅದೇ ಹಲಗೆ. ಶ್ರೀಧರ್ ತಮ್ಮ ಸ್ವಂತ ಮೈಕ್ರೊಮೀಟರ್ ತಂದು ಎದುರು ಕೂತರು, ಫ್ಯಾಕ್ಟರಿಯಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು.

ಅಳೆಯುವುದು. ಹತ್ತು ಸುತ್ತು. ಅಳೆಯುವುದು. ಎಣಿಸಬೇಡ, ಯಾವಾಗಲೂ ಮಾಡುವ ಹಾಗೆ ಮಾಡು ಎಂದರು. ಎಣಿಸಲಿಲ್ಲ. ಅವರು ಎಣಿಸಿದರು. ಐದೂ ಸಲ ಹತ್ತೇ.

0.06. 0.06. 0.05. 0.06. 0.06.

ಮಿಲಿಮೀಟರ್.

ಶ್ರೀಧರ್ ಚೀಟಿ ನೋಡಿದರು. ನನ್ನ ಕೈ ನೋಡಿದರು. "ಏನೇ ಇದು. ನಮ್ಮ ಗ್ರೈಂಡಿಂಗ್ ಮೆಷಿನ್ ಕೂಡ ಇಷ್ಟು ಒಂದೇ ಸಮ ಕೊಡಲ್ಲ."

ನನಗೆ ಕಣ್ಣು ತುಂಬಿತು. ಯಾಕೆಂದು ಕೇಳಿಕೊಂಡೆ. ಪ್ರಭೇದ ಹೋಯಿತೆಂದಲ್ಲ. ಮೇಲ್ ಬಂದ ದಿನದ ಹೆಮ್ಮೆ ಯಾರೋ ಕೊಟ್ಟದ್ದು, ವಾಪಸ್ ಕೇಳಿದರೆ ಕೊಡಬೇಕಾದದ್ದು. ಈ ಐದು ಅಂಕಿಗಳು ನನ್ನವು.

ಮಸುಕು ಫೋಟೊದಲ್ಲಿ ಆ ಕೊಕ್ಕೆಯನ್ನು ಸ್ಕೇಲಿಗೆ ಹೋಲಿಸಿ ನೋಡಿದೆ. ಸುಮಾರು 0.05. ಹತ್ತು ಸುತ್ತಿನೊಳಗೆ ಪೂರ್ತಿ ಹೋಗುವಷ್ಟು.

ಜೂನ್ 20, ಗುರುವಾರ

ಶ್ಯಾಮಲ ಅವರಿಗೆ ಫೋನ್ ಮಾಡಿದೆ. ಮೂವತ್ತನೇ ತಾರೀಕು ಲೇಖನ ಕಳಿಸುವವರಿದ್ದಾರೆ.

"ಶೀಟ್ ಫಾರ್ಮಾಲಿಟಿ ಅಷ್ಟೇ ಜ್ಯೋತ್ಸ್ನಾ, ನಿಧಾನಕ್ಕೆ ಕಳಿಸಿ."

"ಅದನ್ನು ಓದಿ ಆಮೇಲೆ ಲೇಖನ ಕಳಿಸಿ. ಎರಡನೇ ಕಾಲಿನ ತುದಿ ನಾನು ಉಜ್ಜಿದ್ದು. ಉಗುರಿತ್ತು."

ಎರಡು ವರ್ಷದ ಕೆಲಸ ಅವರದು. ಅದನ್ನು ನಾನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ, ನನ್ನ ಹೆಸರನ್ನೇ ಯೋಚಿಸುತ್ತಿದ್ದೆ.

"ಎಷ್ಟು ಹೋಗಿದೆ?"

"ಸೊನ್ನೆ ಬಿಂದು ಸೊನ್ನೆ ಆರು. ಐದು ಸಲ ಅಳೆದಿದ್ದೇನೆ."

"ಐದು ಸಲ…" ಉಸಿರು ಬಿಟ್ಟರು. "ನಿಮಗೆ ಅರ್ಥ ಆಗಿದೆಯಲ್ಲ? ಉಗುರಿದ್ರೆ ಇದು ಹಳೇ ಪ್ರಭೇದವೇ. ನಿಮ್ಮ ಹೆಸರು—"

"ಅರ್ಥ ಆಗಿದೆ."

"ನಾನು ಯಾವ ಕಡೆಗೂ ಒತ್ತಾಯ ಮಾಡಲ್ಲ. ಫೋನ್‌ನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಶೀಟ್‌ನಲ್ಲಿ ನೀವು ಏನು ಬರೀತೀರೋ ಅದು ಲೇಖನಕ್ಕೆ ಹೋಗುತ್ತೆ. ಕಾಯ್ತೀನಿ."

ಇಟ್ಟ ಮೇಲೆ ಗೊತ್ತಾಯಿತು. ಬಾಗಿಲನ್ನು ಅವರು ಪೂರ್ತಿ ಮುಚ್ಚಿಲ್ಲ. ಈಗಲೂ 'ಇಲ್ಲ' ಎಂದು ಬರೆಯಬಹುದು. ಅವರೂ ಸುಮ್ಮನಿರುತ್ತಾರೇನೋ. ಅಥವಾ ಅದು ನನ್ನ ಕೆಟ್ಟ ಊಹೆ. ಅವರು ಒಳ್ಳೆಯವರು. ಆಯ್ಕೆಯನ್ನು ನನಗೆ ಬಿಟ್ಟರು, ಅಷ್ಟೇ ಇರಬೇಕು.

ಜೂನ್ 22, ಶನಿವಾರ, ಸಂಜೆ 4

ಬರೆದೆ. ಕಾಲಮ್ ಸಾಲಲಿಲ್ಲ, ಹಿಂಬದಿಗೂ ಹೋಯಿತು. ಶೀಟ್ ಇಂಗ್ಲಿಷಿನದು. ಇಲ್ಲಿ ಕನ್ನಡದಲ್ಲಿ ಇಟ್ಟುಕೊಳ್ಳುತ್ತೇನೆ:

'ಹಾನಿ: ಎಡ ಎರಡನೇ ಕಾಲಿನ ತುದಿಯ ಉಗುರು ಪಾಲಿಶ್ ವೇಳೆ ಹೋಗಿದೆ. ಮೊದಲಿನ ಫೋಟೊ ಲಗತ್ತಿಸಿದೆ, ಅದರಲ್ಲಿ ಉಗುರು ಮಸುಕಾಗಿ ಕಾಣುತ್ತದೆ. ಕಾರಣ: ಕೆಜಿಎಫ್ ಗಣಿಯ ಲ್ಯಾಬಿನ ಪದ್ಧತಿಯಂತೆ ಕೊನೆಯಲ್ಲಿ ಹಾಕಿದ ಹತ್ತು ಸುತ್ತು. ಆ ಪದ್ಧತಿ ಕಲಿಸಿದವರು ಸಿ. ಕುಪ್ಪುಸ್ವಾಮಿ, ಸೆಕ್ಷನ್ ಕಟ್ಟರ್, 1967–2001. ಅದನ್ನು ಆ್ಯಂಬರ್‌ಗೆ ಯೋಚಿಸದೆ ಬಳಸಿದವಳು ನಾನು. ಅದೇ ತುಂಡಿನ ಐದು ಚೂರುಗಳ ಮೇಲೆ ಅಳೆದಂತೆ ಹತ್ತು ಸುತ್ತಿಗೆ ನಷ್ಟ ಸರಾಸರಿ 0.06 ಮಿ.ಮೀ.'

ಆಂಡರ್ಸನ್‌ಪೇಟೆಗೆ ಒಯ್ದು ಸರ್‌ಗೆ ಓದಿ ಹೇಳಿದೆ. 'ಸೆಕ್ಷನ್ ಕಟ್ಟರ್' ಎನ್ನುವಲ್ಲಿ ತಡೆದರು.

"ಸೀನಿಯರ್ ಸೆಕ್ಷನ್ ಕಟ್ಟರ್."

ತಿದ್ದಿದೆ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು, ಸಹಿಗಾಗಿ. ಆಂಟಿ ನನ್ನ ಕಿವಿಯಲ್ಲಿ, "ಮದ್ವೇಲೂ ಇಷ್ಟು ನೀಟಾಗಿ ಇರ್ಲಿಲ್ಲ ಇವ್ರು" ಎಂದರು. ನನ್ನ ಸಹಿಯ ಕೆಳಗೆ ಅವರ ಸಹಿ. ಕಾಗದವನ್ನು ಬೆಳಕಿಗೆ ಹಿಡಿದು, ಒಂದು ಸಲ ನೋಡಿ, ಕೊಟ್ಟರು.

ಈಗ ಕವರಿನಲ್ಲಿದೆ. ಫೋಟೊ, ಶ್ರೀಧರ್ ಬರೆದ ಅಳತೆಯ ಚೀಟಿ, ಶೀಟ್. ಅಂಟಿಸಿ ಆಯಿತು. ನಾಳೆ ಭಾನುವಾರ, ರಾಬರ್ಟ್‌ಸನ್‌ಪೇಟೆ ಪೋಸ್ಟ್ ಆಫೀಸ್ ಇಲ್ಲ. ಒಂದು ದಿನ ಮೇಜಿನ ಮೇಲೆ ನನ್ನ ಎದುರಿಗೇ ಇರುತ್ತದೆ. ಇರಲಿ. ಮನಸ್ಸು ಬದಲಾಗುವುದಿಲ್ಲ ಎಂದು ಬರೆಯಲಾರೆ, ದಿನ ಮಾತ್ರ ಬರೆದು, ಅದರ ಮುಂದೆ ರಸೀದಿ ನಂಬರಿಗೆ ಜಾಗ ಬಿಡುತ್ತೇನೆ. ಸ್ಪೀಡ್ ಪೋಸ್ಟ್, ಸೋಮವಾರ, ಜೂನ್ 24 —